ಶಂಭುನಾಥ್ ಡೇ ಅವರ ಎರಡು ಪುಟ

1959ರ ಮೇ 30ರ ‘ನೇಚರ್’ ವಾರಪತ್ರಿಕೆಯಲ್ಲಿ, 1533ನೇ ಪುಟದಲ್ಲಿ ಶುರುವಾಗಿ 1534ರಲ್ಲೇ ಮುಗಿದುಹೋಗುವ ಒಂದು ಸಣ್ಣ ಲೇಖನವಿದೆ. ಬರೆದವರು ಒಬ್ಬರೇ, ಎಸ್.ಎನ್. ಡೇ. ಊರು ಕಲ್ಕತ್ತ. ಲೇಖನ ಹೇಳುವುದೂ ಒಂದೇ ಸಂಗತಿ. ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಅದರಲ್ಲಿ ಒಂದು ಜೀವಾಣುವೂ ಉಳಿಯದಂತೆ ಮಾಡಿ, ಆ ಸೋಸಿದ ದ್ರವವನ್ನಷ್ಟೇ ಮೊಲದ ಸಣ್ಣಕರುಳಿನೊಳಕ್ಕೆ ಬಿಟ್ಟರೂ ಕರುಳು ನೀರು ತುಂಬಿಕೊಂಡು ಉಬ್ಬುತ್ತದೆ, ಜೀವಂತ ಬ್ಯಾಕ್ಟೀರಿಯಾ ಬಿಟ್ಟಾಗ ಉಬ್ಬಿದ ಹಾಗೆಯೇ. ಹಾಗಿದ್ದರೆ ರೋಗ ತರುವುದು ಬ್ಯಾಕ್ಟೀರಿಯಾ ಹೊರಬಿಡುವ ಒಂದು ವಿಷ.

ರಾಬರ್ಟ್ ಕಾಖ್ 1884ರಲ್ಲಿ ಊಹಿಸಿದ್ದ ವಿಷ ಇದು. ಮುಕ್ಕಾಲು ಶತಮಾನ ಯುರೋಪಿನ ಪ್ರಯೋಗಾಲಯಗಳಿಗೆ ಸಿಗದೆ ಹೋದದ್ದು ಕಲ್ಕತ್ತದ ಒಬ್ಬ ಪೆಥಾಲಜಿ ಮೇಷ್ಟರಿಗೆ ಸಿಕ್ಕಿತು. ಸಿಕ್ಕಿದ್ದನ್ನು ಅವರು ಮುಚ್ಚಿಟ್ಟುಕೊಳ್ಳಲೂ ಇಲ್ಲ, ಮೂಲೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಲೂ ಇಲ್ಲ. ಜಗತ್ತಿನ ವಿಜ್ಞಾನಿಗಳು ಪ್ರತಿ ವಾರ ತೆರೆದು ನೋಡುವ ಪತ್ರಿಕೆಯಲ್ಲೇ ಹಾಕಿದರು. ಆದರೂ ಓದಬೇಕಾದವರು ಓದಿ, ತಮ್ಮ ಲೇಖನಗಳ ಕೊನೆಯ ಉಲ್ಲೇಖಪಟ್ಟಿಯಲ್ಲಿ ಆ ಹೆಸರನ್ನು ವಾಡಿಕೆಯಂತೆ ಬರೆಯುವ ಹೊತ್ತಿಗೆ ಡೇ ಕಾಲರಾ ಸಂಶೋಧನೆಯನ್ನೇ ಬಿಟ್ಟಿದ್ದರು.

ಇದು ಎರಡು ಹುಡುಕಾಟಗಳ ಕತೆ. ಮೊದಲನೆಯದರಲ್ಲಿ ಒಬ್ಬ ವೈದ್ಯ ಒಂದು ವಿಷವನ್ನು ಕಂಡುಹಿಡಿಯುತ್ತಾನೆ. ಎರಡನೆಯದರಲ್ಲಿ ಲೋಕ ಆ ವೈದ್ಯನನ್ನು ಕಂಡುಹಿಡಿಯುತ್ತದೆ, ಉಲ್ಲೇಖಗಳ ಲೆಕ್ಕದ ಜಾಡು ಹಿಡಿದು.

ಕಾಲರಾದ ಭೇದಿ ಹೇಗಿರುತ್ತದೆಂದು ನಮ್ಮ ಹಳ್ಳಿಗಳ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕಚ್ಚಿನಂಥ ಬಿಳಿಚು ನೀರು, ಅದರಲ್ಲಿ ತೇಲುವ ಲೋಳೆಯ ಚೂರುಗಳು. ರಕ್ತವಿಲ್ಲ, ಜ್ವರವೂ ಅಷ್ಟಾಗಿ ಇಲ್ಲ. ರೋಗ ತೀವ್ರವಾದಾಗ ಒಂದು ಗಂಟೆಗೆ ಒಂದು ಲೀಟರಿನವರೆಗೂ ನೀರು ಹೊರಹೋಗಬಹುದು. ಬೆಳಿಗ್ಗೆ ಹೊಲಕ್ಕೆ ಹೋಗಿದ್ದವನ ಕಣ್ಣು ಸಂಜೆಗೆ ಗುಳಿಬಿದ್ದು, ಬೆರಳ ತುದಿ ಸುಕ್ಕುಗಟ್ಟಿ, ದನಿ ಅಡಗಿ, ನಾಡಿ ಕೈಗೆ ಸಿಗದಾಗುತ್ತದೆ. ರಕ್ತದ ನೀರೆಲ್ಲ ಕರುಳಿಗೆ ಇಳಿದುಹೋಗಿ ಆಗುವ ಸಾವು ಅದು. ಆ ನೀರು ಯಾಕೆ ಇಳಿಯುತ್ತದೆ ಎಂಬುದೇ ಪ್ರಶ್ನೆ.

ಕಾಖ್ 1883ರಲ್ಲಿ ಮೊದಲು ಈಜಿಪ್ಟಿಗೆ ಹೋದರು. ಅಲ್ಲಿ ಪಿಡುಗು ತಗ್ಗುತ್ತಿದ್ದುದರಿಂದ ವರ್ಷದ ಕೊನೆಗೆ ಕಲ್ಕತ್ತಕ್ಕೆ ಬಂದರು. ಅಲ್ಲಿನ ಶವಗಳ ಕರುಳಿನಿಂದ ಅಲ್ಪವಿರಾಮದಂತೆ ಬಾಗಿದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಇಲ್ಲೊಂದು ಮಾತು ಹೇಳಲೇಬೇಕು: ಅದೇ ಜೀವಿಯನ್ನು ಇಟಲಿಯ ಫಿಲಿಪ್ಪೊ ಪಾಚೀನಿ 1854ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದರು. ಆ ಬರಹವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾಮಕರಣದ ಅಂತರರಾಷ್ಟ್ರೀಯ ಸಮಿತಿ ಆ ಜೀವಿಯ ಹೆಸರಿನ ಜೊತೆ ಪಾಚೀನಿಯ ಹೆಸರನ್ನೂ ವರ್ಷವನ್ನೂ ಸೇರಿಸಿದ್ದು 1965ರಲ್ಲಿ. ಕಂಡವರನ್ನು ಮರೆಯುವ ಚಾಳಿ ಕಾಲರಾದ ಚರಿತ್ರೆಯಲ್ಲಿ ಡೇ ಅವರಿಗಿಂತ ಹಳೆಯದು.

ಬ್ಯಾಕ್ಟೀರಿಯಾ ಏನೋ ಸಿಕ್ಕಿತು. ಅದು ಕರುಳಿನ ಒಳಗೇ ಉಳಿಯುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ಇಷ್ಟಾದರೂ ಇಡೀ ದೇಹ ಕುಸಿಯುತ್ತದೆಂದರೆ ಅದು ಯಾವುದೋ ವಿಷ ಬಿಡುತ್ತಿರಬೇಕು ಎಂದು ಕಾಖ್ ತರ್ಕಿಸಿದರು. ತರ್ಕ ಸರಿಯಾಗಿತ್ತು. ಹುಡುಕಿದವರು ಜಾಗ ತಪ್ಪಿದರು. ವಿಷವೆಂದ ಮೇಲೆ ಅದು ರಕ್ತಕ್ಕೆ ಸೇರಿ ದೇಹವನ್ನು ಕೆಡಿಸಬೇಕು ಎಂದುಕೊಂಡು ಪ್ರಾಣಿಗಳ ರಕ್ತನಾಳಕ್ಕೆ, ಹೊಟ್ಟೆಯ ಪೊರೆಯೊಳಕ್ಕೆ, ಚರ್ಮದಡಿಗೆ ಚುಚ್ಚಿ ನೋಡಿದರು. ಪ್ರಾಣಿಗಳೇನೋ ಸತ್ತವು. ಆದರೆ ಭೇದಿ ಆಗಿ ಸಾಯಲಿಲ್ಲ. ಸತ್ತ ಬ್ಯಾಕ್ಟೀರಿಯಾದ ಮೈಯಿಂದ ಬಿಡುಗಡೆಯಾಗುವ ಬೇರೊಂದು ವಿಷವನ್ನು, ಎಂಡೋಟಾಕ್ಸಿನ್ ಎಂಬುದನ್ನು, ರಿಚರ್ಡ್ ಫೈಫರ್ 1892ರಲ್ಲಿ ವಿವರಿಸಿದ್ದರು. ಮುಂದಿನ ಹಲವು ದಶಕ ಕಾಲರಾಕ್ಕೂ ಅದೇ ಕಾರಣವೆಂಬ ನಂಬಿಕೆ ಗಟ್ಟಿಯಾಯಿತು. ಇನ್ನೊಂದು ನಂಬಿಕೆಯೂ ಇತ್ತು: ಬ್ಯಾಕ್ಟೀರಿಯಾ ಕರುಳಿನ ಒಳಪದರವನ್ನು ಕಿತ್ತುಹಾಕುತ್ತದೆ, ಸುಟ್ಟ ಚರ್ಮದಿಂದ ರಸ ಒಸರುವಂತೆ ಅಲ್ಲಿಂದ ನೀರು ಒಸರುತ್ತದೆ ಎಂದು. ಸತ್ತ ಮೇಲೆ ಕರುಳು ಬಹುಬೇಗ ಕೊಳೆಯುವುದರಿಂದ ಶವಪರೀಕ್ಷೆಯಲ್ಲಿ ಒಳಪದರ ಕಿತ್ತುಬಂದಂತೆಯೇ ಕಾಣುತ್ತಿತ್ತು. ಆ ತಪ್ಪನ್ನು ಪೂರ್ತಿ ಹೋಗಲಾಡಿಸಿದ್ದು 1960ರಲ್ಲಿ ಪ್ರಕಟವಾದ ಅಧ್ಯಯನ. ಬ್ಯಾಂಕಾಕಿನಲ್ಲಿ ಬದುಕಿದ್ದ ರೋಗಿಗಳ ಕರುಳಿನಿಂದ ಚೂರು ತೆಗೆದು ನೋಡಿದಾಗ ಪದರ ಇದ್ದಲ್ಲೇ ಇತ್ತು.

ಡೇ ಹುಟ್ಟಿದ್ದು 1915ರಲ್ಲಿ, ಕಲ್ಕತ್ತದಿಂದ ಅಷ್ಟೇನೂ ದೂರವಿರದ ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ. ಅನುಕೂಲಸ್ಥ ಮನೆಯಲ್ಲ. ಹಿತೈಷಿಗಳ ನೆರವಿನಿಂದ ಓದಿ, 1939ರಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜಿನಿಂದ ವೈದ್ಯರಾಗಿ ಹೊರಬಂದರು. 1947ರಲ್ಲಿ ಲಂಡನ್ನಿಗೆ ಹೋಗಿ, ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ಹೆಸರಾಂತ ಪೆಥಾಲಜಿಸ್ಟ್ ರಾಯ್ ಕ್ಯಾಮರೂನ್ ಅವರ ಬಳಿ ಪಿಎಚ್.ಡಿ. ಮಾಡಿದರು. ಅಲ್ಲಿ ಅವರು ಕೆಲಸ ಮಾಡಿದ ವಿಷಯಗಳಿಗೂ ಕಾಲರಾಕ್ಕೂ ನೇರ ಸಂಬಂಧವಿಲ್ಲ. ಆದರೆ ದ್ರವ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ, ಅಂಗಾಂಶ ಯಾವಾಗ ಸೋರುತ್ತದೆ ಎಂದು ನೋಡುವ ಕಣ್ಣು ಅಲ್ಲಿ ಪಳಗಿತೆಂದು ನನಗನ್ನಿಸುತ್ತದೆ. ಪೆಥಾಲಜಿಸ್ಟ್ ರೋಗವನ್ನು ನೋಡುವುದು ಅದು ಕೂತ ಜಾಗದಲ್ಲಿ. ಮುಂದೆ ಅವರ ಪ್ರಯೋಗ ಮಾಡಿದ್ದೂ ಅಷ್ಟೇ.

1949ರಲ್ಲಿ ಪದವಿ ಪಡೆದು ವಾಪಸು ಬಂದವರು ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದರು. 1955ರಿಂದ ತಾವು ಓದಿದ ಕಾಲೇಜಿನಲ್ಲೇ ವಿಭಾಗದ ಮುಖ್ಯಸ್ಥರು. ಆಗಿನ ಕಲ್ಕತ್ತದಲ್ಲಿ ಕಾಲರಾ ಪ್ರತಿ ವರ್ಷ ತಪ್ಪದೆ ಬರುತ್ತಿತ್ತು. ಸತ್ತವರು ಶವಪರೀಕ್ಷೆಯ ಮೇಜಿಗೆ ಬರುತ್ತಿದ್ದರು. ಕಾಲರಾದಿಂದ ಸತ್ತವರ ಮೂತ್ರಪಿಂಡದ ಬಗ್ಗೆಯೂ ಡೇ ಮತ್ತು ಸಂಗಡಿಗರು ಬರೆದಿದ್ದಾರೆ. ಸಂಶೋಧನೆಯೊಂದೇ ಕೆಲಸವೆಂದು ನಡೆಯುತ್ತಿದ್ದ ಸಂಸ್ಥೆಯಲ್ಲಿ ಅವರಿರಲಿಲ್ಲ. ಪಾಠ, ಪರೀಕ್ಷೆ, ಸ್ಲೈಡು, ಶವಪರೀಕ್ಷೆ ಇವುಗಳ ಮಧ್ಯೆ ಸಿಕ್ಕ ಸಮಯದಲ್ಲಿ ಈ ಕೆಲಸ ನಡೆಯಿತು.

ಅವರ ಮೊದಲ ದೊಡ್ಡ ಹೆಜ್ಜೆ ಒಂದು ವಿಧಾನ. ಪ್ರಾಣಿಗಳಿಗೆ ಸಹಜವಾಗಿ ಕಾಲರಾ ಬರುವುದಿಲ್ಲ. ದೊಡ್ಡ ಮೊಲಕ್ಕೆ ಬ್ಯಾಕ್ಟೀರಿಯಾ ಕುಡಿಸಿದರೆ ಅದು ಏನೂ ಆಗದಂತೆ ಓಡಾಡಿಕೊಂಡಿರುತ್ತದೆ. ಡೇ ಉಪವಾಸವಿರಿಸಿದ ಮೊಲದ ಹೊಟ್ಟೆ ಕೊಯ್ದು, ಸಣ್ಣಕರುಳಿನ ಕೊನೆಯ ಭಾಗವಾದ ಇಲಿಯಮ್‌ನಲ್ಲಿ ಸುಮಾರು ನಾಲ್ಕು ಇಂಚಿನ ಒಂದು ತುಂಡನ್ನು ಎರಡೂ ತುದಿಗೆ ರೇಷ್ಮೆ ದಾರದಿಂದ ಕಟ್ಟಿದರು. ಕತ್ತರಿಸಲಿಲ್ಲ, ರಕ್ತನಾಳಗಳನ್ನು ಹಾಗೇ ಬಿಟ್ಟರು. ಆ ಮುಚ್ಚಿದ ಲೂಪಿನೊಳಗೆ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸ್ವಲ್ಪವೇ ಚುಚ್ಚಿ, ಹೊಟ್ಟೆ ಹೊಲಿದು, ಮರುದಿನ ತೆರೆದು ನೋಡಿದರು. ಪಕ್ಕದಲ್ಲಿ ಬ್ಯಾಕ್ಟೀರಿಯಾ ಇಲ್ಲದ ದ್ರವ ಹಾಕಿದ ಇನ್ನೊಂದು ಲೂಪ್, ಹೋಲಿಸಿ ನೋಡಲು. ಅದು ಇದ್ದ ಹಾಗೇ ಚಪ್ಪಟೆಯಾಗಿತ್ತು. ಕಾಲರಾ ಬ್ಯಾಕ್ಟೀರಿಯಾ ಹಾಕಿದ ಲೂಪ್ ಬಿಗಿದುಕೊಂಡು ಉಬ್ಬಿತ್ತು. ಒಳಗೆ ರೋಗಿಯ ಭೇದಿಯನ್ನೇ ಹೋಲುವ ದ್ರವ.

ಡಿ.ಎನ್. ಚಟರ್ಜಿ ಅವರ ಜೊತೆ ಇದನ್ನು 1953ರಲ್ಲಿ ‘ಜರ್ನಲ್ ಆಫ್ ಪೆಥಾಲಜಿ ಅಂಡ್ ಬ್ಯಾಕ್ಟೀರಿಯಾಲಜಿ’ಯಲ್ಲಿ ಪ್ರಕಟಿಸಿದರು. ಮೊಲದ ಕರುಳನ್ನು ಹೀಗೆ ಕಟ್ಟಿ ನೋಡಿದವರು 1915ರ ಸುಮಾರಿಗೇ ಇದ್ದರು, ಆದರೆ ಅದು ಮರೆತುಹೋಗಿತ್ತು. ಡೇ ಸ್ವತಂತ್ರವಾಗಿ ಮತ್ತೆ ರೂಪಿಸಿ, ಅಳೆಯಬಹುದಾದ ಪರೀಕ್ಷೆಯಾಗಿ ಮಾಡಿದರು. ಈ ಪರೀಕ್ಷೆಯ ಸೊಗಸು ಅದರ ಸರಳತೆಯಲ್ಲಿದೆ. ದಾರ, ಸೂಜಿ, ಮೊಲ, ಒಂದು ದಿನದ ಕಾಯುವಿಕೆ. ಅದಕ್ಕಿಂತ ದೊಡ್ಡದು ಅದರ ಹಿಂದಿನ ಯೋಚನೆ. ಎಪ್ಪತ್ತು ವರ್ಷ ಎಲ್ಲರೂ ವಿಷವನ್ನು ರಕ್ತದಲ್ಲಿ ಹುಡುಕುತ್ತಿದ್ದಾಗ, ಕರುಳಿನ ರೋಗದ ವಿಷವನ್ನು ಕರುಳಿನಲ್ಲೇ ಹುಡುಕಬೇಕೆಂದು ಹೊಳೆದದ್ದು.

1956ರಲ್ಲಿ ಕೆ. ಭಟ್ಟಾಚಾರ್ಯ ಮತ್ತು ಜೆ.ಕೆ. ಸರ್ಕಾರ್ ಜೊತೆ ಇನ್ನೊಂದು ಲೇಖನ. ಭೇದಿಯಾದವರಿಂದ ತೆಗೆದ ಇ. ಕೊಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳೂ ಇದೇ ಲೂಪನ್ನು ಉಬ್ಬಿಸುತ್ತವೆ ಎಂದು ತೋರಿಸಿತು. ಎಲ್ಲರ ಕರುಳಲ್ಲೂ ಇರುವ, ನಿರುಪದ್ರವಿ ಎನಿಸಿಕೊಂಡ ಜೀವಿ ಅದು. ವಿಷ ಬಿಡುವ ಇ. ಕೊಲೈ ಮಕ್ಕಳ ಮತ್ತು ಪ್ರವಾಸಿಗಳ ಭೇದಿಗೆ ಜಗತ್ತಿನ ದೊಡ್ಡ ಕಾರಣಗಳಲ್ಲಿ ಒಂದೆಂದು ವೈದ್ಯಶಾಸ್ತ್ರ ಒಪ್ಪಿಕೊಂಡದ್ದು ಇದಾದ ಎಷ್ಟೋ ವರ್ಷಗಳಿಗೆ. ಡೇ ಇದೊಂದನ್ನೇ ಮಾಡಿದ್ದರೂ ಅವರ ಹೆಸರು ಉಳಿಯಬೇಕಿತ್ತು.

ಆಮೇಲೆ 1959ರ ಎರಡು ಪುಟ. ಲೂಪನ್ನು ಉಬ್ಬಿಸುವುದು ಜೀವಂತ ಬ್ಯಾಕ್ಟೀರಿಯಾವೋ ಅದು ಹೊರಬಿಟ್ಟ ವಸ್ತುವೋ ಎಂದು ತೀರ್ಮಾನಿಸಲು ಒಂದೇ ದಾರಿ, ಸೋಸುವುದು. ಬ್ಯಾಕ್ಟೀರಿಯಾ ಸೋರದ ಸೋಸುಕದಲ್ಲಿ ಸೋಸಿದ ದ್ರವವನ್ನು ಲೂಪಿಗೆ ಹಾಕಿದರು. ಉಬ್ಬಿತು. ಲೇಖನದ ಶೀರ್ಷಿಕೆಯಲ್ಲಿ ‘ಎಂಟರೋಟಾಕ್ಸಿಸಿಟಿ’ ಎಂಬ ಪದವಿದೆ, ಕರುಳಿಗೆ ವಿಷವಾಗುವ ಗುಣ ಎಂದು. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಎನ್.ಕೆ. ದತ್ತ, ಪನ್ಸೆ ಮತ್ತು ಕುಲಕರ್ಣಿ ಅವರು ಮರಿಮೊಲಗಳ ಮೇಲೆ ಪ್ರಯೋಗ ಮಾಡಿ, ಬ್ಯಾಕ್ಟೀರಿಯಾವನ್ನು ಒಡೆದು ತೆಗೆದ ವಸ್ತುವಿನಿಂದಲೂ ಕಾಲರಾದಂಥ ಭೇದಿಯಾಗುತ್ತದೆಂದು ತೋರಿಸಿದರು. ಎರಡು ನಗರ, ಎರಡು ವಿಧಾನ, ಒಂದೇ ವರ್ಷ. ಎರಡೂ ಭಾರತದಲ್ಲಿ, ನಮ್ಮ ಸರ್ಕಾರಿ ಸಂಸ್ಥೆಗಳಲ್ಲಿ ಆದದ್ದು. ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಅಲ್ಲಿಂದ ಮುಂದಿನದು ಮೌನ. ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಬೇಕೆಂದು ಡೇ ಬಯಸಿದ್ದರು. ಅದಕ್ಕೆ ಪ್ರೋಟೀನ್ ರಸಾಯನಶಾಸ್ತ್ರ ಬೇಕು, ಬೆಲೆಬಾಳುವ ಯಂತ್ರ ಬೇಕು, ಜೊತೆಗೆ ಕೈಯಾಡಿಸುವವರು ಬೇಕು. ಅದು ಅವರಿಂದ ಆಗಲಿಲ್ಲ. 1961ರಲ್ಲಿ ಎಡಿನ್‌ಬರೋದಿಂದ ಕಾಲರಾ ಕುರಿತ ಅವರ ಪುಸ್ತಕ ಹೊರಬಂತು. ಆ ಬಳಿಕ ಕಾಲರಾ ಅವರ ಕೈತಪ್ಪಿತು.

ವಿಚಿತ್ರವೆಂದರೆ ಲೋಕಕ್ಕೆ ಕಾಲರಾದಲ್ಲಿ ಆಸಕ್ತಿ ಕುದುರಿದ್ದೂ ಆಗಲೇ. 1960ರ ಕೊನೆಗೆ ಢಾಕಾದಲ್ಲಿ ಅಮೆರಿಕದ ಹಣದ ನೆರವಿನಿಂದ ಕಾಲರಾ ಸಂಶೋಧನಾಲಯ ಶುರುವಾಯಿತು. 1961ರಲ್ಲಿ ಇಂಡೋನೇಷ್ಯಾದ ಸುಲವೇಸಿ ದ್ವೀಪದಿಂದ ಏಳನೆಯ ಜಾಗತಿಕ ಪಿಡುಗು ಹೊರಟಿತು. ಹೊಸ ತಲೆಮಾರಿನ ಜೀವರಸಾಯನ ವಿಜ್ಞಾನಿಗಳು ಈ ಕ್ಷೇತ್ರಕ್ಕೆ ಇಳಿದರು. ವಿಷವನ್ನು ಅಳೆಯುವ ಪರೀಕ್ಷೆ ಅವರಿಗೆ ಬೇಕಿತ್ತು, ಕಲ್ಕತ್ತದ ಲೂಪ್ ಅಲ್ಲಿತ್ತು. 1969ರಲ್ಲಿ ಡಲ್ಲಾಸಿನಲ್ಲಿ ರಿಚರ್ಡ್ ಫಿಂಕಲ್‌ಸ್ಟೈನ್ ಮತ್ತು ಜೋಸೆಫ್ ಲೋಸ್ಪಲುಟೊ ವಿಷವನ್ನು ಶುದ್ಧೀಕರಿಸಿದರು. ಅದು ಆರು ಭಾಗಗಳ ಪ್ರೋಟೀನು. ಐದು ಭಾಗಗಳು ಸೇರಿ ಕರುಳಿನ ಜೀವಕೋಶದ ಮೇಲಿರುವ ಒಂದು ಕೊಬ್ಬಿನಣುವನ್ನು ಹಿಡಿದುಕೊಳ್ಳುತ್ತವೆ. ಆರನೆಯದು ಒಳನುಗ್ಗಿ, ಜೀವಕೋಶಕ್ಕೆ ಆಜ್ಞೆ ಮುಟ್ಟಿಸುವ ಒಂದು ಪ್ರೋಟೀನನ್ನು ಚಾಲೂ ಸ್ಥಿತಿಯಲ್ಲೇ ಸಿಕ್ಕಿಸಿಬಿಡುತ್ತದೆ. ಒಳಗೆ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕ ಏರುತ್ತ ಹೋಗುತ್ತದೆ, ಕ್ಲೋರೈಡ್ ಹೊರನುಗ್ಗುತ್ತದೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಕರುಳಿನ ಪದರ ಹರಿದಿರುವುದಿಲ್ಲ, ಜೀವಕೋಶ ಸತ್ತಿರುವುದಿಲ್ಲ. ಅದಕ್ಕೇ ರೋಗಿ ಬದುಕಬಲ್ಲ. ಸಕ್ಕರೆಯ ಜೊತೆ ಉಪ್ಪನ್ನು ಒಳಗೆಳೆದುಕೊಳ್ಳುವ ಕರುಳಿನ ಶಕ್ತಿ ಕಾಲರಾದಲ್ಲೂ ಹಾಗೇ ಉಳಿದಿರುವುದರಿಂದ ಓಆರ್‌ಎಸ್ ಕೆಲಸ ಮಾಡುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬಂಗಾವ್‌ನಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಜನರನ್ನು ಉಳಿಸಿಕೊಂಡರು. ಓಆರ್‌ಎಸ್ ಹುಟ್ಟಿದ್ದು ಡೇ ಅವರ ಲೇಖನದಿಂದ ಎಂದರೆ ಅದು ಸುಳ್ಳಾಗುತ್ತದೆ, ಅದರ ದಾರಿ ಬೇರೆ. ಆದರೆ ಕಾಲರಾ ಕರುಳನ್ನು ಹಾಳುಮಾಡುವ ರೋಗವಲ್ಲ, ಕರುಳಿನ ಕೆಲಸವನ್ನು ತಿರುವುಮುರುವು ಮಾಡುವ ರೋಗ ಎಂಬ ತಿಳಿವಳಿಕೆ ಈ ಎರಡೂ ದಾರಿಗಳಿಗೆ ಸೇರಿದ್ದು.

ಇನ್ನು ಎರಡನೆಯ ಹುಡುಕಾಟ. ಅದೂ 1959ರ ಮೇ ತಿಂಗಳಿಗೇ ಬಂದು ಸೇರುತ್ತದೆ.

ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಯೋಜನೆ ಮುಂದಿಟ್ಟಿದ್ದರು. ಅಲ್ಲಿನ ವಕೀಲರ ಬಳಿ ಶೆಪರ್ಡ್ಸ್ ಸೈಟೇಷನ್ಸ್ ಎಂಬ ಗ್ರಂಥಮಾಲೆ 1873ರಿಂದ ಇತ್ತು. ಒಂದು ಹಳೆಯ ತೀರ್ಪನ್ನು ತೆಗೆದರೆ, ಆಮೇಲೆ ಯಾವ ಯಾವ ತೀರ್ಪುಗಳು ಅದನ್ನು ಎತ್ತಿಹೇಳಿದವು ಎಂದು ಅದರಲ್ಲಿ ಸಿಗುತ್ತದೆ. ಅದನ್ನು ಹೊರತರುತ್ತಿದ್ದ ಸಂಸ್ಥೆಯಲ್ಲಿದ್ದ ವಿಲಿಯಂ ಅಡೇರ್ ಎಂಬುವರು ಗಾರ್ಫೀಲ್ಡ್ ಅವರಿಗೆ ಇದರ ಸುಳಿವು ಕೊಟ್ಟಿದ್ದರು. ವಿಜ್ಞಾನಕ್ಕೂ ಅಂಥದೊಂದು ಬೇಕು ಎಂದರು ಗಾರ್ಫೀಲ್ಡ್. ಒಂದು ಲೇಖನದ ಕೊನೆಯ ಉಲ್ಲೇಖಪಟ್ಟಿ ಅದರ ಹಿಂದಿನದನ್ನು ತೋರಿಸುತ್ತದೆ. ಅದನ್ನೇ ತಿರುಗಿಸಿ ಜೋಡಿಸಿದರೆ ಲೇಖನದ ಮುಂದಿನದು ಕಾಣುತ್ತದೆ: ಅದನ್ನು ಯಾರು ಓದಿದರು, ಯಾರು ಬಳಸಿದರು, ಯಾರು ತಪ್ಪೆಂದರು. ನಾಲ್ಕು ವರ್ಷ ಇದಕ್ಕೆ ದೊಡ್ಡ ಬೆಂಬಲ ಸಿಗಲಿಲ್ಲ. 1959ರ ಮೇ ತಿಂಗಳಲ್ಲಿ ಜೋಶುವಾ ಲೆಡರ್‌ಬರ್ಗ್ ಗಾರ್ಫೀಲ್ಡ್ ಅವರಿಗೆ ಪತ್ರ ಬರೆದು ಆ ಯೋಜನೆ ಏನಾಯಿತೆಂದು ವಿಚಾರಿಸಿದರು, ತಮಗೆ ಅದು ಪೂರ್ತಿ ಒಪ್ಪಿಗೆಯಾಗಿದೆ ಎಂದರು. ಲೆಡರ್‌ಬರ್ಗ್ ಅದರ ಹಿಂದಿನ ವರ್ಷವಷ್ಟೇ, 33ನೇ ವಯಸ್ಸಿನಲ್ಲಿ, ಬ್ಯಾಕ್ಟೀರಿಯಾದ ತಳಿವಿಜ್ಞಾನಕ್ಕಾಗಿ ನೊಬೆಲ್ ಪಡೆದಿದ್ದವರು. ಅಂಥವರ ಒತ್ತಾಸೆಯಿಂದ ಸರ್ಕಾರಿ ನೆರವು ಬಂತು, ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹುಟ್ಟಿತು. 1963ರಲ್ಲಿ ಬಂದ ಮೊದಲ ಐದು ಸಂಪುಟಗಳು 1961ರ 613 ಪತ್ರಿಕೆಗಳಿಂದ 14 ಲಕ್ಷ ಉಲ್ಲೇಖಗಳನ್ನು ಜೋಡಿಸಿಕೊಟ್ಟವು.

ಲೆಡರ್‌ಬರ್ಗ್ ಪತ್ರವೂ ಡೇ ಲೇಖನವೂ ಒಂದೇ ತಿಂಗಳಿನವು. ಒಬ್ಬರಿಗೊಬ್ಬರು ತಿಳಿಯದೆ. ಮುಂದೆ ಡೇ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಬಾರಿ ನೊಬೆಲ್ ಪ್ರಶಸ್ತಿಗೆ ಸೂಚಿಸಿದ್ದು ಇದೇ ಲೆಡರ್‌ಬರ್ಗ್.

ಉಲ್ಲೇಖದ ಲೆಕ್ಕದಿಂದ ಹುಟ್ಟಿದ ಅಳತೆಗೋಲುಗಳನ್ನು ಡೇ ಅವರ ಮೇಲೆ ಇಟ್ಟು ನೋಡುವುದು ಬೇಸರದ ಕೆಲಸ, ಆದರೆ ಮಾಡಲೇಬೇಕು. ಇಂದು ಎಲ್ಲರ ಬಾಯಲ್ಲಿರುವ ಇಂಪ್ಯಾಕ್ಟ್ ಫ್ಯಾಕ್ಟರ್ ಮೊದಲು ಬಂದದ್ದು ತಮ್ಮ ಸೂಚಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂದು ಗಾರ್ಫೀಲ್ಡ್ ಮತ್ತು ಸಂಗಡಿಗ ಅರ್ವಿಂಗ್ ಶೆರ್ ಆರಿಸಿಕೊಳ್ಳುವುದಕ್ಕೆ. ಪತ್ರಿಕೆಯೊಂದು ಹಿಂದಿನ ಎರಡು ವರ್ಷ ಪ್ರಕಟಿಸಿದ ಲೇಖನಗಳು ಈ ವರ್ಷ ಸರಾಸರಿ ಎಷ್ಟು ಬಾರಿ ಉಲ್ಲೇಖವಾದವು ಎಂಬ ಲೆಕ್ಕ ಅದು. ಎರಡೇ ವರ್ಷದ ಕಿಟಕಿ. 1959ರ ಲೇಖನಕ್ಕೆ ಆ ಕಿಟಕಿ 1961ಕ್ಕೆ ಮುಚ್ಚುತ್ತದೆ, ಸೂಚಿಯ ಮೊದಲ ಸಂಪುಟಗಳು ಎಣಿಸಿದ್ದು ಆ ವರ್ಷವನ್ನೇ. ಆಗ ಆ ಲೇಖನವನ್ನು ಲೆಕ್ಕಕ್ಕೆ ತೆಗೆದುಕೊಂಡವರು ವಿರಳ. ಇನ್ನೊಂದು ಅಳತೆ ಎಚ್-ಇಂಡೆಕ್ಸ್, ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹರ್ಶ್ 2005ರಲ್ಲಿ ಮುಂದಿಟ್ಟದ್ದು. ಹತ್ತು ಲೇಖನಗಳು ಕನಿಷ್ಠ ಹತ್ತು ಹತ್ತು ಬಾರಿ ಉಲ್ಲೇಖವಾಗಿದ್ದರೆ ಎಚ್ ಹತ್ತು, ಇಪ್ಪತ್ತು ಲೇಖನಗಳು ಇಪ್ಪತ್ತು ಬಾರಿ ಆಗಿದ್ದರೆ ಇಪ್ಪತ್ತು. ಡೇ ಅವರ 1953, 1956, 1959ರ ಮೂರು ಲೇಖನಗಳು ಎಷ್ಟೇ ಸಾವಿರ ಬಾರಿ ಉಲ್ಲೇಖವಾದರೂ ಆ ಲೆಕ್ಕಕ್ಕೆ ಸೇರುವುದು ಮೂರೇ ಅಂಕ. ವೈದ್ಯಶಾಸ್ತ್ರದ ಒಂದು ಇಡೀ ಅಧ್ಯಾಯ, ಮೂರು ಅಂಕ.

ಹೆಚ್ಚು ಉಲ್ಲೇಖವಾದದ್ದೇ ದೊಡ್ಡದೆಂದು ಹೇಳುವಂತೆಯೂ ಇಲ್ಲ. ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಲೇಖನವೆಂದು ಹೆಸರಾದದ್ದು ಓಲಿವರ್ ಲೌರಿ ಮತ್ತು ಸಂಗಡಿಗರ 1951ರ ಲೇಖನ. ದ್ರವದಲ್ಲಿರುವ ಪ್ರೋಟೀನನ್ನು ಅಳೆಯುವ ವಿಧಾನ ಅದು. ಮೂರು ಲಕ್ಷಕ್ಕೂ ಮೀರಿ ಉಲ್ಲೇಖಗಳು. ಬಹಳ ಉಪಯುಕ್ತ ಕೆಲಸ. ಆದರೆ ತಮ್ಮ ಅತ್ಯುತ್ತಮ ಕೆಲಸ ಅದಲ್ಲವೆಂದು ಲೌರಿಯವರೇ ಬಲ್ಲವರಾಗಿದ್ದರು. ಡೇ ಅವರ ಲೂಪೂ ವಿಧಾನವೇ, ಆದರೆ ಅದಕ್ಕೆ ಬೇರೊಂದು ಗತಿ ಬಂತು. ಎಲ್ಲರೂ ಬಳಸುವಂತಾದ ಮೇಲೆ ಅದನ್ನು ಮೊದಲು ಮಾಡಿದವರ ಹೆಸರು ಬರೆಯುವ ಅಗತ್ಯ ಯಾರಿಗೂ ಕಾಣದಾಯಿತು. ‘ಮೊಲದ ಇಲಿಯಲ್ ಲೂಪ್’ ಎಂದಷ್ಟೇ ಬರೆದು ಮುಂದೆ ಹೋದರು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಈ ವಿದ್ಯಮಾನವನ್ನು ಗುರುತಿಸಿದ್ದಾರೆ: ಒಂದು ಕೆಲಸ ಎಲ್ಲರ ತಿಳಿವಳಿಕೆಯಲ್ಲಿ ಪೂರ್ತಿ ಬೆರೆತುಹೋದಾಗ ಅದರ ಮೂಲ ಅಳಿಸಿಹೋಗುತ್ತದೆ. ಉಲ್ಲೇಖ ಎಣಿಸುವವರಿಗೆ ಅದು ಕುಸಿತವೆಂದು ಕಾಣುತ್ತದೆ. ನಿಜದಲ್ಲಿ ಅದು ಗೆಲುವು.

1973ರಲ್ಲಿ ಡೇ ನಿವೃತ್ತರಾದರು. 1978ರಲ್ಲಿ ಸ್ವೀಡನ್ನಿನ ನೊಬೆಲ್ ಪ್ರತಿಷ್ಠಾನ ಕಾಲರಾ ಮತ್ತು ಅದಕ್ಕೆ ಸಂಬಂಧಪಟ್ಟ ಭೇದಿರೋಗಗಳ ಬಗ್ಗೆ ವಿಚಾರಸಂಕಿರಣ ಏರ್ಪಡಿಸಿ ಅವರನ್ನು ಕರೆಸಿಕೊಂಡಿತು. ತಮ್ಮ ಹೆಸರನ್ನು ಲೇಖನಗಳಲ್ಲಷ್ಟೇ ಓದಿದ್ದವರ ನಡುವೆ ನಿಂತು ಅವರು ಹೇಳಿದ ಮಾತು ಇಂದಿಗೂ ಎದೆಗೆ ತಾಕುತ್ತದೆ. ಅರವತ್ತರ ದಶಕದ ಆರಂಭದಿಂದಲೂ ತಾವು ಸತ್ತೇ ಹೋಗಿದ್ದಾಗಿ, ಸಂಕಿರಣದ ಸಮಿತಿ ತಮ್ಮನ್ನು ಹೂತ ನೆಲದಿಂದ ಮೇಲೆತ್ತಿದ್ದಾಗಿ, ಅವರೊಡನೆ ಕಳೆದ ಆ ಎರಡು ದಿನಗಳಲ್ಲಿ ಮತ್ತೆ ಜೀವ ಬರುತ್ತಿರುವಂತೆ ಅನಿಸಿದ್ದಾಗಿ ಅವರು ಹೇಳಿದರು. ಅವರು ತೀರಿಕೊಂಡದ್ದು 1985ರ ಏಪ್ರಿಲ್‌ನಲ್ಲಿ. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಿರಲಿಲ್ಲ. ದೇಶದ ದೊಡ್ಡ ಪ್ರಶಸ್ತಿ ಯಾವುದೂ ಅವರಿಗೆ ಬರಲಿಲ್ಲ.

ಮರುವರ್ಷ, 1986ರ ಏಪ್ರಿಲ್‌ನಲ್ಲಿ, ಗಾರ್ಫೀಲ್ಡ್ ತಮ್ಮ ‘ಕರೆಂಟ್ ಕಂಟೆಂಟ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಉಲ್ಲೇಖಗಳ ಜಾಡು ಹಿಡಿದು ಕಾಲರಾ ಸಂಶೋಧನೆಯ ನಕ್ಷೆ ಬಿಡಿಸುವುದು ಅದರ ಕೆಲಸ. ಕಲ್ಕತ್ತದ ಶಂಭುನಾಥ್ ಡೇ ಅವರ ಪ್ರಭಾವ ಎಂದು ಶೀರ್ಷಿಕೆಯಲ್ಲೇ ಇತ್ತು. 1959ರ ಲೇಖನವನ್ನು ಮೊದಲು ಯಾರೂ ಗುರುತಿಸಲಿಲ್ಲ, ಇಂದು ಅದು ಕಾಲರಾ ಸಂಶೋಧನೆಯ ಮೈಲಿಗಲ್ಲು ಎಂದು ಅವರು ದಾಖಲಿಸಿದರು. ನನಗೆ ಇಲ್ಲಿ ಮುಖ್ಯವೆನಿಸುವುದು ಗಾರ್ಫೀಲ್ಡ್ ಲೆಕ್ಕ ಮಾಡಿದ ರೀತಿ. ಒಟ್ಟು ಎಷ್ಟು ಎಂದು ಕೂಡಿಸಿ ಬಿಟ್ಟಿದ್ದರೆ ಡೇ ಅವರು ಪಟ್ಟಿಯ ಎಲ್ಲೋ ನಡುವೆ ಕಳೆದುಹೋಗುತ್ತಿದ್ದರು. ಗಾರ್ಫೀಲ್ಡ್ ಕೇಳಿದ್ದು ಯಾರು, ಯಾವಾಗ, ಯಾವ ಕಾರಣಕ್ಕೆ ಉಲ್ಲೇಖಿಸಿದರು ಎಂದು. ಹೊಸ ಲೇಖನದಿಂದ ಹಳೆಯದಕ್ಕೆ, ಅದರಿಂದ ಇನ್ನೂ ಹಳೆಯದಕ್ಕೆ ಇಳಿಯುತ್ತ ಹೋದರೆ ದಾರಿ ಕಲ್ಕತ್ತಕ್ಕೆ ಬಂದು ಮುಟ್ಟುತ್ತದೆ. ಸೂಚಿ ಹುಟ್ಟಿದ್ದೇ ಹೀಗೆ ಹುಡುಕುವುದಕ್ಕೆ. ಸಂಬಳ, ಬಡ್ತಿ ತೀರ್ಮಾನಿಸಲು ಅದನ್ನು ಬಳಸತೊಡಗಿದ್ದು ಆಮೇಲೆ.

1990ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ ಡೇ ಅವರ ಬಗ್ಗೆ ವಿಶೇಷ ಸಂಚಿಕೆ ತಂದಿತು. ಅವರ ಬದುಕು, ಪ್ರಯೋಗಗಳು, ವಿಷದ ಬಗ್ಗೆ ಆಮೇಲೆ ತಿಳಿದದ್ದೆಲ್ಲ ಒಂದೆಡೆ ಸಿಕ್ಕಿದ್ದು ಅಲ್ಲಿ. 1956ರ ಇ. ಕೊಲೈ ಲೇಖನದಲ್ಲಿ ಜೊತೆಗಿದ್ದ ಜೆ.ಕೆ. ಸರ್ಕಾರ್ ಕೂಡ ಅದರಲ್ಲಿ ಬರೆದರು. ಲೆಡರ್‌ಬರ್ಗ್ ತಮ್ಮ ಮಾತು ಸೇರಿಸಿ, ನೆಲೆನಿಂತ ಅಭಿಪ್ರಾಯವನ್ನು ಎದುರಿಸಿದ ಡೇ ಅವರ ದಿಟ್ಟತನವನ್ನು ಹೊಸಬರಿಗೆ ಕಲಿಸಬೇಕೆಂದರು. ವಿಜ್ಞಾನಿ ಪಿ. ಬಲರಾಂ ಅವರು, ನಮ್ಮ ಅಕಾಡೆಮಿಗಳು ಡೇ ಅವರನ್ನು ಕಡೆಗಣಿಸಿದ್ದನ್ನು ಈ ಕಾಲದ ಕಣ್ಣಿಗೆ ರಾಚುವ ಲೋಪಗಳಲ್ಲಿ ಒಂದೆಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕಲ್ಕತ್ತದ ವೈದ್ಯನೊಬ್ಬನ ಋಣವನ್ನು ತುಸುವಾದರೂ ತೀರಿಸುವ ಕೆಲಸ ಬೆಂಗಳೂರಿನ ಪತ್ರಿಕೆಯಲ್ಲಿ ಆಯಿತೆಂಬುದು ನನಗೆ ಸಮಾಧಾನದ ಸಂಗತಿ.

ಇಂದು ಮೆಡಿಕಲ್ ಕಾಲೇಜಿನ ಮೇಷ್ಟರು ಬಡ್ತಿಗೆ ಅರ್ಜಿ ಹಾಕಿದರೆ ಪ್ರಕಟಣೆಗಳ ಪಟ್ಟಿ ಕೊಡಬೇಕು. ಎಷ್ಟು ಲೇಖನ, ಯಾವ ಪತ್ರಿಕೆ, ಎಷ್ಟನೆಯ ಹೆಸರು. ಪಟ್ಟಿ ಉದ್ದವಾಗಬೇಕೆಂಬ ಒತ್ತಡದಲ್ಲಿ ಒಂದೇ ಪ್ರಯೋಗವನ್ನು ಮೂರು ತುಂಡು ಮಾಡಿ ಹಾಕುವುದು, ಕಾಸು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿಗೆ ಕಳಿಸುವುದು ಎಲ್ಲ ನಡೆಯುತ್ತದೆ. ಪತ್ರಿಕೆಯ ಅಂಕದಿಂದ ಲೇಖಕರನ್ನು ಅಳೆಯಬೇಡಿ, ಕೆಲಸವನ್ನೇ ಓದಿ ಎಂದು ಸ್ಯಾನ್‌ಫ್ರಾನ್ಸಿಸ್ಕೋ ಘೋಷಣೆ 2012ರಿಂದ ಹೇಳುತ್ತಿದೆ. ಓದುವವರಿಗೆ ಸಮಯ ಬೇಕು, ಆ ವಿಷಯ ಗೊತ್ತಿರಬೇಕು. ಕಷ್ಟದ ಕೆಲಸ, ಒಪ್ಪುತ್ತೇನೆ. ಆದರೆ ಡೇ ಅವರ ಲೇಖನ ಓದಲು ಅರ್ಧ ಗಂಟೆ ಸಾಕಿತ್ತು.

ಆ ವಿಷ ಈಗ ಎಲ್ಲೆಲ್ಲಿ ಓಡಾಡುತ್ತಿದೆ ನೋಡಿ. ಜೀವಕೋಶದೊಳಗೆ ಆಜ್ಞೆ ಮುಟ್ಟಿಸುವ ಜಿ-ಪ್ರೋಟೀನುಗಳನ್ನು ಅರಿಯಲು ಅದು ಉಪಕರಣವಾಯಿತು. ಅದರ ನಿರುಪದ್ರವಿ ಐದು ಭಾಗಗಳನ್ನು ಬಾಯಿಂದ ಕುಡಿಯುವ ಒಂದು ಕಾಲರಾ ಲಸಿಕೆಯಲ್ಲಿ ಸೇರಿಸಿದ್ದಾರೆ. ಅದೇ ಭಾಗಗಳನ್ನು ನರಗಳೊಳಗೆ ಬಿಟ್ಟು, ಮೆದ್ದುಳಿನ ಯಾವ ತಂತು ಎಲ್ಲಿಗೆ ಹೋಗುತ್ತದೆಂದು ನರವಿಜ್ಞಾನಿಗಳು ಪತ್ತೆ ಹಚ್ಚುತ್ತಾರೆ. ಅವರು ಅದನ್ನು ಕಂಪನಿಯಿಂದ ತರಿಸಿಕೊಂಡು, ಕಂಪನಿಯ ಹೆಸರನ್ನು ಲೇಖನದಲ್ಲಿ ನಮೂದಿಸುತ್ತಾರೆ.